ಇಳಿಯುವ ವಿದ್ಯೆ: ವಾಲ್ ಮ್ಯುಸ್ಟೈರ್ ಕಣಿವೆಯ ಒಂದು ಸೈಕಲ್ ಸುತ್ತು

(ಬೆಂಗಳೂರಿನ ಸೈಕಲ್ ಸವಾರರ ಮುಂದೆ ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು.)

ಆತ್ಮೀಯರೇ,

ನಿಮ್ಮಲ್ಲಿ ಹೆಚ್ಚಿನವರು ಭಾನುವಾರ ನಸುಕಿನಲ್ಲೆದ್ದು ನಂದಿ ಬೆಟ್ಟ ಹತ್ತಿದವರು. ಆ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ನಾನು ಇಂದು ಹೇಳಹೊರಟಿರುವ ಸೈಕಲ್ ಸುತ್ತು ಶುರುವಾಗುವುದೇ ಹೆಚ್ಚುಕಡಿಮೆ ಆ ಎತ್ತರದಿಂದ. ಸ್ವಿಟ್ಜರ್ಲೆಂಡಿನ ಆಗ್ನೇಯ ಮೂಲೆಯಲ್ಲಿ, ಇಟಲಿಯ ಗಡಿಗೆ ಒರಗಿಕೊಂಡಂತೆ, ವಾಲ್ ಮ್ಯುಸ್ಟೈರ್ ಎಂಬ ಕಣಿವೆಯಿದೆ. ಅದರ ನಡುವಿನ ಸಾಂತಾ ಮರಿಯಾ ಎಂಬ ಹಳ್ಳಿ 1375 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 2501 ಮೀಟರ್ ಎತ್ತರದ ಉಂಬ್ರೈಲ್ ಪಾಸಿಗೆ, ಎಂದರೆ ಬೆಟ್ಟಸಾಲನ್ನು ದಾಟುವ ತಗ್ಗಿಗೆ, ಹತ್ತಬೇಕು. ಗಡಿ ದಾಟಿ, ಕಾಲುದಾರಿಯಲ್ಲಿ ಇನ್ನೂ ಮೇಲಕ್ಕೆ, 2768 ಮೀಟರಿನ ಬೊಕೆತ್ತಾ ದಿ ಫೊರ್ಕೊಲಾ ಎಂಬ ಇನ್ನೊಂದು ಪಾಸನ್ನು ಮುಟ್ಟಬೇಕು. ಪಕ್ಕದ ಬೊಕೆತ್ತಾ ದಿ ಪೆದೆನೊಲೊ ಮೂಲಕ ಇಟಲಿಯ ಕಾನ್ಕಾನೊ ಜಲಾಶಯದ ದಂಡೆಗೆ ಇಳಿಯಬೇಕು. ಆಮೇಲೆ ವಾಲ್ ಮೋರಾ ಎಂಬ ನಿರ್ಜನ ಕಣಿವೆಯನ್ನು ಹಾದು, 2234 ಮೀಟರಿನ ಡ್ಯೋಸ್ ರಾದೊಂಡ್ ಎಂಬ ಪಾಸನ್ನು ದಾಟಿ, ಹೊರಟ ಹಳ್ಳಿಗೇ ಮರಳಬೇಕು. ದೂರ ಐವತ್ತು ಕಿಲೋಮೀಟರಿನ ಆಸುಪಾಸು, ಒಟ್ಟು ಏರಿಕೆ ಸುಮಾರು 1800 ಮೀಟರ್. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ತುದಿ ಎಷ್ಟು ಎತ್ತರವೋ, ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುವ ಆ ಜಲಾಶಯದ ದಂಡೆ ಈ ದಾರಿಯ ನಡುವಿನ ತಗ್ಗು ಎಂದರೆ ಪ್ರದೇಶದ ಒಂದು ಅಂದಾಜು ನಿಮಗೆ ಸಿಕ್ಕೀತು.

ಇಷ್ಟು ಅಂಕಿಗಳನ್ನು ಕೇಳಿದ ಕೂಡಲೇ ಮನಸ್ಸು ಏರಿಕೆಯ ಕಡೆಗೆ ಓಡುತ್ತದೆ. ತೊಡೆಯ ಬಲ ಸಾಕೇ, ಉಸಿರು ಸಾಕೇ, ಯಾವ ಗೇರಿನಲ್ಲಿ ತುಳಿಯಬೇಕು ಎಂದು ಲೆಕ್ಕ ಹಾಕುತ್ತೇವೆ. ಮೊದಲ ಸಲ ಹೋದಾಗ ನನ್ನ ತಯಾರಿಯೂ ಪೂರ್ತಿ ಏರಿಕೆಯದೇ ಆಗಿತ್ತು. ಆದರೆ ಈ ಸುತ್ತಿನ ನಿಜವಾದ ಸವಾಲು ಇರುವುದು ಇಳಿಯುವುದರಲ್ಲಿ, ಅದರಲ್ಲೂ ನಿಧಾನವಾಗಿ, ಹತೋಟಿಯಲ್ಲಿ, ದಾರಿಗೂ ದಾರಿಯಲ್ಲಿರುವವರಿಗೂ ಧಕ್ಕೆಯಾಗದಂತೆ ಇಳಿಯುವುದರಲ್ಲಿ. ಇದನ್ನು ನಾನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಏಕೆ ಹಾಗೆ ಎಂಬುದು ಆ ದಾರಿಯ ಹುಟ್ಟಿನಲ್ಲೇ ಇದೆ. ಅದನ್ನು ತಿಳಿಯದೆ ಅಲ್ಲಿ ಸೈಕಲ್ ಓಡಿಸಿದರೆ ಅರ್ಧ ದಾರಿಯನ್ನಷ್ಟೇ ನೋಡಿದ ಹಾಗಾಗುತ್ತದೆ.

ಮೊದಲಿಗೆ ಏರಿಕೆಯನ್ನು ಬೇಗ ಮುಗಿಸಿಬಿಡೋಣ. ಸಾಂತಾ ಮರಿಯಾದಿಂದ ಉಂಬ್ರೈಲಿಗೆ ಡಾಂಬರು ರಸ್ತೆಯಿದೆ, ಸುಮಾರು 13 ಕಿಲೋಮೀಟರ್. 2015ರವರೆಗೂ ಇದರ ಒಂದು ತುಂಡು ಮಣ್ಣಿನದಾಗಿಯೇ ಉಳಿದಿತ್ತು. ಬೇಸಿಗೆಯಲ್ಲಿ ಹಳದಿ ಬಣ್ಣದ ಪೋಸ್ಟ್ ಬಸ್ಸು ಸೈಕಲನ್ನೂ ಹೊತ್ತು ಮೇಲಕ್ಕೆ ಒಯ್ಯುತ್ತದೆ. ಆ ಬಸ್ಸಿನಲ್ಲಿ ಹೋಗುವುದನ್ನು ಕೆಲವರು ಕೀಳಾಗಿ ಕಾಣುತ್ತಾರೆ; ನಾನು ಅದನ್ನು ಒಪ್ಪುವುದಿಲ್ಲ. ದಿನದ ಕಷ್ಟದ ಕೆಲಸಕ್ಕೆ ಕೈಗಳೂ ಕಣ್ಣೂ ಚುರುಕಾಗಿರಬೇಕು ಎನ್ನುವವರು ಬಸ್ಸು ಹಿಡಿದು 1100 ಮೀಟರಿಗೂ ಹೆಚ್ಚಿನ ಏರಿಕೆಯನ್ನು ಉಳಿಸಿಕೊಳ್ಳುವುದು ವಿವೇಕವೇ ಸರಿ. ತುಳಿದುಕೊಂಡೇ ಹೋಗುವವರು ಬೆಳಗಿನ ಆರು ಗಂಟೆಗೆಲ್ಲ ಹೊರಟುಬಿಡಬೇಕು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಆಲ್ಪ್ಸ್‌ನ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಕಟ್ಟಿಕೊಳ್ಳುತ್ತದೆ. ಮರವೊಂದೂ ಇಲ್ಲದ 2700 ಮೀಟರಿನ ಬೋಳು ಏಣಿನ ಮೇಲೆ ಸಿಡಿಲಿಗೆ ಸಿಕ್ಕಿಕೊಳ್ಳುವುದು ಯಾರಿಗೂ ಬೇಡ.

ಉಂಬ್ರೈಲಿನಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಸ್ಟೆಲ್ವಿಯೊ ಪಾಸ್, ಅದರಾಚೆಗೆ 3905 ಮೀಟರ್ ಎತ್ತರದ ಆರ್ಟ್ಲರ್ ಶಿಖರದ ಹಿಮದ ಮೈ. ಸ್ಟೆಲ್ವಿಯೊ ರಸ್ತೆಯನ್ನು ಕಾರ್ಲೊ ದೊನೆಗಾನಿ ಎಂಬ ಇಂಜಿನಿಯರ್ 1820ರಿಂದ 1825ರ ನಡುವೆ ಕಟ್ಟಿದ. ಒಂದು ಬದಿಯಲ್ಲೇ 48 ಹೇರ್‌ಪಿನ್ ತಿರುವುಗಳಿರುವ ಆ ರಸ್ತೆಯ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಪಾಸಿನ ಪಕ್ಕದಲ್ಲೇ 2843 ಮೀಟರಿನ ಒಂದು ಗುಡ್ಡ. ಜರ್ಮನ್ನಿನಲ್ಲೂ ಈ ಕಣಿವೆಯ ನುಡಿಯಾದ ರೊಮಾನ್ಶ್‌ನಲ್ಲೂ ಅದಕ್ಕೆ ಮೂರು ಭಾಷೆಗಳ ಶಿಖರ ಎಂದೇ ಹೆಸರು. ಇಟಾಲಿಯನ್, ಜರ್ಮನ್, ರೊಮಾನ್ಶ್ ಆಡುವ ಮೂರು ನೆಲಗಳು ಅಲ್ಲಿ ಸೇರುತ್ತವೆ. ಮೊದಲನೆಯ ಮಹಾಯುದ್ಧದವರೆಗೂ ಇಟಲಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಎಂಬ ಮೂರು ದೇಶಗಳೂ ಅಲ್ಲೇ ಸೇರುತ್ತಿದ್ದವು.

ನಮ್ಮ ದಾರಿಯ ಹುಟ್ಟು ಇಲ್ಲಿದೆ. 1915ರ ಮೇ ತಿಂಗಳಲ್ಲಿ ಇಟಲಿ ಆಸ್ಟ್ರಿಯಾ-ಹಂಗೇರಿಯ ಮೇಲೆ ಯುದ್ಧ ಸಾರಿತು. ಆ ಹೊತ್ತಿನಿಂದ 1918ರ ನವೆಂಬರಿನವರೆಗೆ ಈ ಶಿಖರಗಳ ಸಾಲೇ ರಣರಂಗ. ಒಂದು ಕಡೆ ಆಸ್ಟ್ರಿಯಾದ ಸೈನಿಕರು, ಇನ್ನೊಂದು ಕಡೆ ಇಟಲಿಯವರು, ಉಂಬ್ರೈಲಿನ ಮೂಲೆಯಲ್ಲಿ ತಮ್ಮ ತಟಸ್ಥ ಗಡಿಯನ್ನು ಕಾಯುತ್ತ ನಿಂತ ಸ್ವಿಸ್ ಸೈನಿಕರು. ಮೂರು ಸಾವಿರ ಮೀಟರಿನ ಹತ್ತಿರದ ನೆಲೆಗಳಿಗೆ ಸೌದೆ, ಹಿಟ್ಟು, ಮದ್ದುಗುಂಡು, ಮುಳ್ಳುತಂತಿ ಹೆಚ್ಚಾಗಿ ಹೇಸರಗತ್ತೆಗಳ ಬೆನ್ನ ಮೇಲೆಯೇ ಹೋಗಬೇಕಿತ್ತು. ಅದಕ್ಕಾಗಿ ಇಟಲಿಯ ಸೇನೆ ಕಲ್ಲು ಕಡಿದು, ದಂಡೆ ಕಟ್ಟಿ ಹಾದಿಗಳನ್ನು ಮಾಡಿತು. ನಾವು ಇಂದು ಸೈಕಲ್ ಓಡಿಸುವುದು ಆ ಹಾದಿಗಳ ಮೇಲೆ.

ಹೇಸರಗತ್ತೆಗೆ ಕಟ್ಟಿದ ಹಾದಿಗೂ ತಾನಾಗಿ ಬಿದ್ದ ಕಾಲುದಾರಿಗೂ ಬಹಳ ವ್ಯತ್ಯಾಸವಿದೆ, ಈ ವ್ಯತ್ಯಾಸ ಸೈಕಲ್ ಸವಾರನಿಗೆ ಎಲ್ಲಕ್ಕಿಂತ ಮುಖ್ಯ. ಮನುಷ್ಯ ತುಳಿದ ದಾರಿ ಹತ್ತಿರದ ದಾರಿಯನ್ನು ಹುಡುಕುತ್ತದೆ, ಕಡಿದಾದ ಕಡೆ ನೇರವಾಗಿ ನುಗ್ಗುತ್ತದೆ. ಹೊರೆ ಹೊತ್ತ ಪ್ರಾಣಿ ಹಾಗೆ ಹತ್ತಲಾರದು, ಹಾಗೆ ಇಳಿಯುವುದಂತೂ ಇನ್ನೂ ಕಷ್ಟ. ಇಳಿಜಾರು ಒಂದೇ ಹದದಲ್ಲಿರಬೇಕು, ತಿರುವಿನಲ್ಲಿ ಅದು ನಿಂತು ಮೈ ತಿರುಗಿಸಲು ಸಮತಟ್ಟಾದ ಜಾಗವಿರಬೇಕು, ಕೆಳಬದಿಯಲ್ಲಿ ಗೋಡೆ ಗಟ್ಟಿಯಾಗಿರಬೇಕು. ಹಾಗಾಗಿ ಪೆದೆನೊಲೊದಿಂದ ಕೆಳಗೆ ಹಾದಿ ಬೆಟ್ಟದ ಮೈಮೇಲೆ ಎಡಕ್ಕೂ ಬಲಕ್ಕೂ ಹೆಣೆದುಕೊಂಡು, ಒಂದರ ಕೆಳಗೊಂದು ತಿರುವಾಗಿ ಇಳಿಯುತ್ತ ಹೋಗುತ್ತದೆ. ಮೇಲಿನಿಂದ ನೋಡಿದರೆ ಯಾರೋ ಕೂತು ಮಗ್ಗದಲ್ಲಿ ನೇಯ್ದ ಹಾಗಿರುತ್ತದೆ. ಸೈಕಲ್ ಈ ಹಾದಿಯಲ್ಲಿ ಇಳಿಯಬಲ್ಲದು ಎಂದರೆ ಅದಕ್ಕೆ ಕಾರಣ ನೂರು ವರ್ಷಗಳ ಹಿಂದಿನ ಆ ಪ್ರಾಣಿಗಳ ಮೊಣಕಾಲು. ಇದನ್ನು ನೆನೆದಾಗಲೆಲ್ಲ ನನಗೆ ಆ ಹಾದಿಯ ಮೇಲೆ ಒಂದು ಬಗೆಯ ಭಕ್ತಿಯೇ ಮೂಡುತ್ತದೆ.

ಉಂಬ್ರೈಲಿನಿಂದ ಫೊರ್ಕೊಲಾಕ್ಕೆ ಏರುವ ತುಂಡಿನಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಬೇಕಾದ ಜಾಗಗಳಿವೆ. ಅಷ್ಟು ಎತ್ತರದಲ್ಲಿ ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಮುಕ್ಕಾಲು ಪಾಲೂ ಸಿಗುವುದಿಲ್ಲ. ಹತ್ತು ಹೆಜ್ಜೆ ತಳ್ಳಿದರೆ ಎದೆ ಹೊಡೆದುಕೊಳ್ಳುತ್ತದೆ. ಜುಲೈ ಮೊದಲ ವಾರದಲ್ಲೂ ನೆರಳಿನ ಬದಿಯಲ್ಲಿ ಹಿಮದ ಪಟ್ಟೆಗಳು ಉಳಿದಿರಬಹುದು. ಮೇಲೆ ಕಲ್ಲಿನ ಗೋಡೆಗಳ ಅವಶೇಷಗಳೂ ಕಂದಕಗಳ ಗೆರೆಗಳೂ ಇನ್ನೂ ಕಾಣುತ್ತವೆ. ಅವುಗಳ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದಾಗ ಮಾತು ತಾನಾಗಿ ಕಡಿಮೆಯಾಗುತ್ತದೆ.

ಇನ್ನು ಇಳಿಯುವ ಮಾತು. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾನು ತಪ್ಪು ಮಾಡಿ ಕಲಿತದ್ದು ಇಲ್ಲಿ.

ಫೊರ್ಕೊಲಾದ ಎತ್ತರದಿಂದ ಜಲಾಶಯದ ದಂಡೆಗೆ ಸುಮಾರು 870 ಮೀಟರ್ ಇಳಿತ. ಸವಾರ, ಸೈಕಲ್, ಬೆನ್ನುಚೀಲ ಸೇರಿ 85 ಕಿಲೋ ಎಂದಿಟ್ಟುಕೊಳ್ಳಿ. ಆ ತೂಕ ಅಷ್ಟು ಎತ್ತರದಿಂದ ಇಳಿಯುವಾಗ ಬಿಟ್ಟುಕೊಡುವ ಶಕ್ತಿ ಏಳು ಲಕ್ಷ ಜೌಲ್‌ಗಿಂತ ಸ್ವಲ್ಪ ಹೆಚ್ಚು. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಎರಡು ಲೀಟರ್ ತಣ್ಣೀರನ್ನು ಕುದಿಸಲು ಬೇಕಾಗುವಷ್ಟು ಶಾಖ. ವೇಗವಾಗಿ ಹೋದರೆ ಗಾಳಿ ಅದರಲ್ಲಿ ಒಂದು ಪಾಲನ್ನು ತೆಗೆದುಕೊಳ್ಳುತ್ತದೆ. ಈ ಹಾದಿಯಲ್ಲಿ ವೇಗವಾಗಿ ಹೋಗುವಂತಿಲ್ಲವಾದ್ದರಿಂದ ಬಹುಪಾಲು ಶಾಖವನ್ನು ಚಕ್ರಗಳ ನಡುವಿನ, ಅಂಗೈ ಅಗಲದ ಎರಡು ಉಕ್ಕಿನ ತಟ್ಟೆಗಳು, ಅವುಗಳನ್ನು ಹಿಡಿಯುವ ಉಗುರಿನಷ್ಟಗಲದ ಬ್ರೇಕ್ ಪ್ಯಾಡುಗಳು ತಾಳಿಕೊಳ್ಳಬೇಕು.

ಮೊದಲ ಸಲ ನನ್ನ ಜತೆಗಿದ್ದವನು ನನ್ನ ಅಕ್ಕನ ಮಗ. ಹಾಸನದ ಹುಡುಗ, ಓದಲೆಂದು ಬಂದವನು, ಸಕಲೇಶಪುರದ ಕಾಫಿ ತೋಟದ ದಾರಿಗಳಲ್ಲಿ ಸೈಕಲ್ ಕಲಿತವನು. ನಾನು ಮುಂದೆ, ಅವನು ಹಿಂದೆ. ಭಯದಿಂದ ನಾನು ಎರಡೂ ಬ್ರೇಕುಗಳನ್ನು ಮೇಲಿನಿಂದಲೂ ಒಂದೇ ಸಮನೆ ಹಿಡಿದುಕೊಂಡೇ ಇಳಿಯುತ್ತಿದ್ದೆ. ಹತ್ತು ಹನ್ನೆರಡು ತಿರುವು ಕಳೆದಿರಬೇಕು. ಹಿಂದಿನಿಂದ, "ಮಾಮಾ, ನಿಲ್ಸಿ! ಬ್ರೇಕ್ ಸುಟ್ಟ ವಾಸನೆ ಬರ್ತಿದೆ," ಎಂದು ಕೂಗಿದ. ನಿಲ್ಲಿಸಲು ಹೋದರೆ ಲಿವರ್ ಹ್ಯಾಂಡಲಿಗೆ ಬಂದು ತಾಗಿತು, ಸೈಕಲ್ ನಿಲ್ಲಲಿಲ್ಲ. ಎಡಗಾಲನ್ನು ನೆಲಕ್ಕೆ ಒತ್ತಿ ಬೆಟ್ಟದ ಬದಿಗೆ ವಾಲಿಸಿ ಬಿದ್ದೆ. ಮೊಣಕೈ ತರಚಿತು, ಅಷ್ಟರಲ್ಲೇ ಮುಗಿಯಿತು. ತಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದೆವು. ಕಾದ ದೋಸೆ ಕಾವಲಿಯ ಮೇಲೆ ಚಿಮುಕಿಸಿದ ಹಾಗೆ ಚುಂಯ್ ಎಂದು ಹಾರಿಹೋಯಿತು. ಉಕ್ಕು ನೀಲಿಗಟ್ಟಿತ್ತು. ಪ್ಯಾಡನ್ನು ಬಿಚ್ಚಿದರೆ ಅದರ ಮುಖ ಗಾಜಿನಂತೆ ನುಣುಪಾಗಿ ಹೊಳೆಯುತ್ತಿತ್ತು. ರಾಳದಿಂದ ಮಾಡಿದ ಮೆತ್ತನೆಯ ಪ್ಯಾಡು ಶಾಖ ಮಿತಿಮೀರಿದಾಗ ಹಾಗಾಗುತ್ತದೆ. ಒಮ್ಮೆ ಹಾಗಾದರೆ ಅದು ಹಿಡಿಯುವುದಿಲ್ಲ. ಮುಂದಿನ ಅರ್ಧ ಗಂಟೆ ನಾವಿಬ್ಬರೂ ಸೈಕಲ್ ಹಿಡಿದುಕೊಂಡು ನಡೆದೆವು.

ಆ ದಿನದ ನಂತರ ನಾನು ಬ್ರೇಕ್ ಹಿಡಿಯುವ ಅಭ್ಯಾಸವನ್ನು ಮೊದಲಿನಿಂದ ಕಲಿತೆ. ಉದ್ದಕ್ಕೂ ಹಿಡಿದೇ ಇರುವ ಬದಲು ನೇರವಾದ ತುಂಡಿನಲ್ಲಿ ಒಂದು ಬೆರಳಿನಿಂದ ದೃಢವಾಗಿ ಒತ್ತಿ ವೇಗವನ್ನು ಇಳಿಸಬೇಕು, ಮತ್ತೆ ಪೂರ್ತಿ ಬಿಡಬೇಕು; ಬಿಟ್ಟ ಆ ಕ್ಷಣಗಳಲ್ಲಿ ಉಕ್ಕಿಗೆ ಗಾಳಿ ತಾಗುತ್ತದೆ. ಮುಂದಿನ ಬ್ರೇಕಿನ ಬಗ್ಗೆ ನಮ್ಮಲ್ಲಿ ಒಂದು ಹೆದರಿಕೆಯಿದೆ, ಹಿಡಿದರೆ ಮುಗ್ಗರಿಸುತ್ತೇವೆ ಎಂದು. ಇಳಿಜಾರಿನಲ್ಲಿ ತೂಕವೆಲ್ಲ ಮುಂದಿನ ಚಕ್ರದ ಮೇಲೆ ಬರುವುದರಿಂದ ನಿಜವಾಗಿ ನಿಲ್ಲಿಸುವ ಬಲವಿರುವುದು ಅದಕ್ಕೇ. ಹಿಂದಿನ ಬ್ರೇಕನ್ನೇ ನೆಚ್ಚಿಕೊಂಡರೆ ಹಿಂದಿನ ಚಕ್ರ ಸಿಕ್ಕಿಕೊಂಡು ಜಾರುತ್ತದೆ, ಹಾದಿಯಲ್ಲಿ ಗೀರು ಬೀಳುತ್ತದೆ. ಆ ಗೀರಿನಲ್ಲಿ ಮುಂದಿನ ಮಳೆಯ ನೀರು ಹರಿಯುತ್ತದೆ, ಎರಡು ಮಳೆಗಾಲ ಕಳೆದರೆ ಗೀರು ಕೊರಕಲಾಗುತ್ತದೆ. ಸೈನಿಕರು ಕೈಯಿಂದ ಕಟ್ಟಿದ, ನೂರು ಚಳಿಗಾಲಗಳನ್ನು ತಾಳಿದ ಹಾದಿ ನಮ್ಮ ಟೈರಿನ ಒಂದು ಎಳೆತಕ್ಕೆ ಕೆಡುತ್ತದೆ ಎಂಬ ಅರಿವು ಸವಾರನಿಗೆ ಇರಲೇಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ತಿರುವಿನ ವಿಷಯವೂ ಇಷ್ಟೇ ಸೂಕ್ಷ್ಮ. ಸೀಟನ್ನು ತಗ್ಗಿಸಿ, ಪೆಡಲುಗಳನ್ನು ಒಂದೇ ಮಟ್ಟದಲ್ಲಿಟ್ಟು ಅವುಗಳ ಮೇಲೆ ನಿಲ್ಲಬೇಕು. ವೇಗವನ್ನೆಲ್ಲ ತಿರುವಿಗೆ ಮುಂಚೆಯೇ ಕಳೆದುಕೊಂಡಿರಬೇಕು. ಹೊರ ಅಂಚಿನಿಂದ ಒಳಗೆ ಬಂದು, ಕಣ್ಣನ್ನು ತಿರುವು ಮುಗಿಯುವ ಜಾಗದ ಮೇಲೆ ನೆಡಬೇಕು. ಕಣ್ಣು ಕೆಳಗಿನ ಪ್ರಪಾತದ ಕಡೆ ಹೊರಳಿದರೆ ಚಕ್ರವೂ ಆ ಕಡೆಗೇ ಹೊರಳುತ್ತದೆ. ಇದು ಎಲ್ಲ ಸವಾರರಿಗೂ ಆಗುವ ಅನುಭವ. ಜರ್ಮನ್ ಮಾತಾಡುವ ಸವಾರರು ಇಂಥ ಹಾದಿಗಳ ಕಷ್ಟವನ್ನು ಸುಲಭದ ಎಸ್ 0ಯಿಂದ ಅತಿ ಕಷ್ಟದ ಎಸ್ 5ರವರೆಗಿನ ಒಂದು ಮಾಪಕದಲ್ಲಿ ಹೇಳುತ್ತಾರೆ. ಈ ಹಾದಿಯ ಬಹುಭಾಗ ನನ್ನ ಅಳತೆಗೆ ಎಸ್ 2. ಸಡಿಲ ಕಲ್ಲು ತುಂಬಿದ ಕೆಲವು ತಿರುವುಗಳು ಅದಕ್ಕೂ ಮೇಲೆ. ಅಂಥ ಕಡೆ ಇಳಿದು ನಡೆಯುತ್ತೇನೆ, ಈಗಲೂ.

ಕಾನ್ಕಾನೊ, ಸಾನ್ ಜಾಕೊಮೊ ಎಂಬ ಎರಡು ಜಲಾಶಯಗಳು ಒಂದರ ಹಿಂದೊಂದು ಚಾಚಿಕೊಂಡಿವೆ. ಮಿಲಾನ್ ನಗರದ ವಿದ್ಯುತ್ತಿಗಾಗಿ ಕಟ್ಟಿದವು ಇವು. ದಂಡೆಯ ಉದ್ದಕ್ಕೂ ಸಮತಟ್ಟಾದ ಜಲ್ಲಿ ದಾರಿ. ಅಲ್ಲಿಯ ತಂಗುಮನೆಯಲ್ಲಿ ವಾಲ್ತೆಲ್ಲಿನಾ ಸೀಮೆಯ ಪಿತ್ಸೊಕ್ಕೆರಿ ಸಿಗುತ್ತದೆ: ಬಕ್‌ವೀಟ್ ಹಿಟ್ಟಿನ ಅಗಲವಾದ ಎಳೆಗಳನ್ನು ಆಲೂಗೆಡ್ಡೆ, ಎಲೆಕೋಸು, ಚೀಸ್, ಬೆಣ್ಣೆಯೊಂದಿಗೆ ಬೆರೆಸಿದ ಊಟ. ಸಸ್ಯಾಹಾರಿಗಳಿಗೂ ನಡೆಯುತ್ತದೆ, ಉಳಿದ ಇಪ್ಪತ್ತೈದು ಕಿಲೋಮೀಟರಿಗೆ ಹೊಟ್ಟೆ ತುಂಬ ಆಧಾರವಾಗುತ್ತದೆ.

ಇಲ್ಲಿ ನೀರಿನ ವಿಷಯ ಒಂದು ಹೇಳಬೇಕು. ಈ ಜಲಾಶಯಗಳಿರುವುದು ಅದ್ದಾ ನದಿಯ ಮೇಲೆ. ಅದು ಪೊ ನದಿಯನ್ನು ಸೇರಿ ಏಡ್ರಿಯಾಟಿಕ್ ಸಮುದ್ರಕ್ಕೆ ಹೋಗುತ್ತದೆ. ಸಾನ್ ಜಾಕೊಮೊದ ತುದಿಯಲ್ಲಿ, ಪಾಸೆಂದು ಗುರುತೇ ಸಿಗದಷ್ಟು ತಗ್ಗಾದ ಒಂದು ದಿಬ್ಬ ದಾಟಿದರೆ ನೀರು ಉತ್ತರಕ್ಕೆ ತಿರುಗುತ್ತದೆ. ವಾಲ್ ಮೋರಾದ ಹೊಳೆ ಶ್ಪೋಲ್ ನದಿಗೆ, ಅದು ಇನ್ ನದಿಗೆ, ಇನ್ ಡ್ಯಾನ್ಯೂಬಿಗೆ, ಡ್ಯಾನ್ಯೂಬ್ ಕಪ್ಪು ಸಮುದ್ರಕ್ಕೆ. ಡ್ಯೋಸ್ ರಾದೊಂಡ್ ದಾಟಿದ ಕೂಡಲೇ ಮತ್ತೆ ನೀರು ದಿಕ್ಕು ಬದಲಿಸಿ, ರೊಮ್ ಹೊಳೆಯ ಮೂಲಕ ಆದಿಜೆ ನದಿಗೆ, ಅಲ್ಲಿಂದ ಏಡ್ರಿಯಾಟಿಕ್‌ಗೆ. ಒಂದೇ ದಿನದ ಸವಾರಿಯಲ್ಲಿ ಮೂರು ನದಿಗಳ ಜಲಾನಯನ ಪ್ರದೇಶಗಳನ್ನು ಮುಟ್ಟುತ್ತೇವೆ. ನಮ್ಮ ಬಿಸಿಲೆಯ ಏಣಿನಲ್ಲಿ ಬಿದ್ದ ಮಳೆ ಒಂದು ಕಡೆ ಹೇಮಾವತಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೂ, ಇನ್ನೊಂದು ಕಡೆ ಕುಮಾರಧಾರೆ, ನೇತ್ರಾವತಿಯಾಗಿ ಅರಬ್ಬೀ ಸಮುದ್ರಕ್ಕೂ ಹೋಗುತ್ತದಲ್ಲ, ಅದನ್ನು ಕಂಡು ಬೆಳೆದ ನನ್ನ ಸೋದರಳಿಯ ಡ್ಯೋಸ್ ರಾದೊಂಡಿನ ಹುಲ್ಲುಗಾವಲಿನಲ್ಲಿ ತನ್ನ ಬಾಟಲಿಯ ನೀರನ್ನು ಎರಡೂ ಬದಿಗೆ ಒಂದೊಂದು ಗುಟುಕು ಚೆಲ್ಲಿದ.

ವಾಲ್ ಮೋರಾದಲ್ಲಿ ಊರುಗಳಿಲ್ಲ, ವಾಹನಗಳಿಲ್ಲ. ಎಡಬಲದ ಬೂದು ಬಣ್ಣದ ಡಾಲಮೈಟ್ ಬೆಟ್ಟಗಳಿಂದ ಉದುರಿದ ಕಲ್ಲುಚೂರು ಬೀಸಣಿಗೆಯಂತೆ ಹರಡಿ ಹೊಳೆಯವರೆಗೂ ಬಂದಿರುತ್ತದೆ. ಆ ಇಳಿಜಾರಿಗೆ ಅಡ್ಡವಾಗಿ, ಹ್ಯಾಂಡಲಿಗಿಂತ ತುಸು ಅಗಲವಾದ ಹಾದಿ. ಟೈರಿನ ಕೆಳಗೆ ಕಲ್ಲುಗಳು ಒಡೆದ ಹೆಂಚಿನ ಚೂರುಗಳಂತೆ ಕಿಣಿಕಿಣಿ ಎನ್ನುತ್ತವೆ. ಇಲ್ಲಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ ಕೆಡುತ್ತದೆ. ಮುಂದಿನ ಚಕ್ರ ತಾನೇ ದಾರಿ ಹುಡುಕಿಕೊಳ್ಳುವಷ್ಟು ಸಡಿಲ ಬಿಟ್ಟು, ನಿಲ್ಲದ ಹಾಗೆ ಹದವಾಗಿ ತುಳಿಯುತ್ತಿರಬೇಕು. ಮಾರ್ಮೋಟ್ ಎಂಬ ಅಳಿಲಿನ ಜಾತಿಯ ದಪ್ಪ ಪ್ರಾಣಿ ಬಿಲದ ಬಾಯಲ್ಲಿ ಎದ್ದು ನಿಂತು ಸಿಳ್ಳೆ ಹಾಕುತ್ತದೆ. ಅದೃಷ್ಟವಿದ್ದರೆ ಗಡ್ಡದ ರಣಹದ್ದು ಮೇಲೆ ತೇಲುವುದು ಕಾಣಬಹುದು. ಆಲ್ಪ್ಸ್‌ನಿಂದ ಸಂಪೂರ್ಣವಾಗಿ ಅಳಿದಿದ್ದ ಈ ಹಕ್ಕಿಯನ್ನು ಪಕ್ಕದ ಸ್ವಿಸ್ ರಾಷ್ಟ್ರೀಯ ಉದ್ಯಾನದಲ್ಲಿ 1991ರಿಂದ ಮರಳಿ ತಂದು ಬಿಟ್ಟರು. 1914ರಲ್ಲಿ ಸ್ಥಾಪನೆಯಾದ ಆ ಉದ್ಯಾನದೊಳಗೆ ಸೈಕಲ್ಲಿಗೆ ಪ್ರವೇಶವೇ ಇಲ್ಲ. ವಾಲ್ ಮೋರಾ ಅದರ ಗಡಿಯ ಹೊರಗಿದೆ, ಹಾಗಾಗಿ ನಮಗೆ ಈ ದಾರಿ ಸಿಕ್ಕಿದೆ. ನಿಷೇಧ ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಎಲ್ಲ ಕಣಿವೆಗಳಿಗೂ ನಮ್ಮ ಚಕ್ರ ಹೋಗಬೇಕಾಗಿಲ್ಲ.

ಮೇಲಿನ ಹುಲ್ಲುಗಾವಲಿಗೆ ಬಂದರೆ ಹಸುಗಳು. ಬೇಸಿಗೆಯ ಮೂರು ನಾಲ್ಕು ತಿಂಗಳು ಮಾತ್ರ ಅವುಗಳನ್ನು ಇಲ್ಲಿ ಮೇಯಲು ಬಿಡುತ್ತಾರೆ. ಕರುವಿರುವ ಹಸು ಅಪಾಯಕಾರಿ ಎಂದು ಫಲಕಗಳಿರುತ್ತವೆ, ಅದು ಬರಿಯ ಮಾತಲ್ಲ. ದಾರಿಗೆ ಅಡ್ಡಲಾಗಿ ಕರೆಂಟು ಹರಿಯುವ ತಂತಿಬೇಲಿ ಕಟ್ಟಿರುತ್ತಾರೆ; ಅದರ ತುದಿಯ ಪ್ಲಾಸ್ಟಿಕ್ ಹಿಡಿಯನ್ನು ಕೊಕ್ಕೆಯಿಂದ ಬಿಡಿಸಿ, ಸೈಕಲ್ ದಾಟಿಸಿ, ಮತ್ತೆ ಸಿಕ್ಕಿಸಬೇಕು. ಮರೆತರೆ ಮಂದೆಯೇ ಆಚೆ ಹೋಗಿ, ದನ ಕಾಯುವವರಿಗೆ ಅರ್ಧ ದಿನದ ಕೆಲಸವಾಗುತ್ತದೆ. ಈ ಕಣಿವೆಯಿರುವ ಗ್ರೌಬ್ಯುಂಡನ್ ಪ್ರಾಂತ್ಯದಲ್ಲಿ ಫಲಕ ಹಾಕಿ ತಡೆದಿಲ್ಲದ ಕಡೆ ನಡೆಯುವವರೂ ಸೈಕಲ್ಲಿನವರೂ ಒಂದೇ ಹಾದಿಯನ್ನು ಹಂಚಿಕೊಳ್ಳುತ್ತಾರೆ. ಈ ಹೊಂದಾಣಿಕೆ ಉಳಿದಿರುವುದು ಸವಾರರು ದೂರದಿಂದಲೇ ನಿಧಾನಿಸಿ, ಬೇಕಾದರೆ ಇಳಿದು, "ಅಲ್ಲೇಗ್ರಾ" ಎಂದು ವಂದಿಸಿ ದಾರಿ ಬಿಡುವುದರಿಂದ. ಅದು ಅವರ ರೊಮಾನ್ಶ್ ನುಡಿಯ ಮಾತು. ಸುಮಾರು 60 ಸಾವಿರ ಜನ ಆಡುವ ಆ ನುಡಿಯನ್ನು 1938ರ ಜನಮತದಲ್ಲಿ ರಾಷ್ಟ್ರಭಾಷೆಗಳಲ್ಲಿ ಒಂದಾಗಿ ಒಪ್ಪಿಕೊಂಡರು. ಈ ಕಣಿವೆಯವರು ತಮ್ಮ ಒಳನುಡಿಯನ್ನು ಯವರ್ ಎನ್ನುತ್ತಾರೆ. ನೆರೆಯವರಿಗಿಂತ ಬೇರೆಯಾಗಿ "ನಾನು" ಎಂಬುದಕ್ಕೆ "ಯವ್" ಎನ್ನುವುದರಿಂದ ಬಂದ ಹೆಸರು ಅದು. ಬೆಟ್ಟ ದಾಟಿದರೆ ಮಾತಿನ ಧಾಟಿ ಬದಲಾಗುವುದನ್ನು ಬಲ್ಲ ನಮಗೆ ಇದು ಅಪರಿಚಿತವೇನಲ್ಲ.

ಹೋಗುವ ಮನಸ್ಸಿರುವವರಿಗೆ ಕೆಲವು ಮಾತು. ಗಡಿಯಲ್ಲಿ ಯಾರೂ ತಡೆಯದಿರಬಹುದು, ಆದರೂ ಪಾಸ್‌ಪೋರ್ಟ್ ಚೀಲದಲ್ಲಿರಲಿ. ಒಂದೇ ಷೆಂಗೆನ್ ವೀಸಾ ಎರಡೂ ದೇಶಗಳಿಗೆ ಸಾಕು. ಸ್ವಿಸ್ ನೆಲದಲ್ಲಿ ಹೆಲಿಕಾಪ್ಟರ್ ರಕ್ಷಣೆಗೆ 1414, ಎರಡೂ ಕಡೆ 112. ವಾಲ್ ಮೋರಾದಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆಂದು ನಂಬಿ ಒಬ್ಬರೇ ಹೋಗಬೇಡಿ. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ತಣ್ಣಗಾಗುವುದರಿಂದ ಬೆಚ್ಚನೆಯ ಕೈಗವಸು ಬೇಕು. ಮರಗಟ್ಟಿದ ಬೆರಳಿಗೆ ಬ್ರೇಕಿನ ಹದ ತಿಳಿಯುವುದಿಲ್ಲ. ಟೈರು ಟ್ಯೂಬ್‌ಲೆಸ್ ಆಗಿದ್ದರೂ ಒಂದು ಟ್ಯೂಬು, ಒಂದು ಪಂಪು, ಚೈನಿನ ಒಂದು ಕೊಂಡಿ ಜತೆಗಿರಲಿ. ಎಲ್ಲಕ್ಕಿಂತ ಮುಖ್ಯವಾಗಿ ಲೋಹದ ಪುಡಿಯನ್ನು ಒತ್ತಿ ಮಾಡಿದ ಬ್ರೇಕ್ ಪ್ಯಾಡು ಹಾಕಿಸಿಕೊಳ್ಳಿ, ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ.

ಡ್ಯೋಸ್ ರಾದೊಂಡಿನಿಂದ ವಾಲ್ ವಾವ್ ಕಣಿವೆಯ ಕಾಡುದಾರಿಯಲ್ಲಿ ಸಾಂತಾ ಮರಿಯಾಕ್ಕೆ ಸುಮಾರು 860 ಮೀಟರಿನ ಇಳಿತ. ಅಗಲವಾದ ಜಲ್ಲಿ ದಾರಿಯಾದ್ದರಿಂದ ಕೈ ತಾನಾಗಿ ಬ್ರೇಕು ಬಿಡುತ್ತದೆ. ದಿನದ ಕೊನೆಯ ದಣಿವಿನಲ್ಲಿ ಜನ ಬೀಳುವುದು ಇಲ್ಲಿ. ಎರಡನೆಯ ಸಲ ಹೋದಾಗ ನಾನೂ ನನ್ನ ಅಕ್ಕನ ಮಗನೂ ಲಾರ್ಚ್ ಮರಗಳ ನಡುವೆ ಮೂರು ಕಡೆ ನಿಂತು ಇಳಿದೆವು. ಹಳ್ಳಿಯ ನಡುವಿನ ನೀರಿನ ತೊಟ್ಟಿಯ ಬಳಿ ಸೈಕಲ್ ಒರಗಿಸಿದಾಗ ಅವನು ಬಗ್ಗಿ ನನ್ನ ಮುಂದಿನ ಚಕ್ರದ ತಟ್ಟೆಗೆ ಬೆರಳು ತಾಗಿಸಿ, ಹಾಗೆಯೇ ಇಟ್ಟುಕೊಂಡು, "ಬರೀ ಬೆಚ್ಚಗಿದೆ ಮಾಮಾ," ಎಂದ.